ಡಿಸ್ಚಾರ್ಜ್ ಬುಕ್ಕಿನಿಂದ ಗೇಟ್ ರಿಜಿಸ್ಟರಿಗೆ: ಸೈನಿಕರು ಖಾಸಗಿ ಸೆಕ್ಯುರಿಟಿ ಕೆಲಸ ಹಿಡಿಯುವ ಬಗೆ

ಊರಿಗೆ ಬಂದು ತಿಂಗಳು ತುಂಬುವ ಮೊದಲೇ, ಪರಿಚಯದವರು ಕರೆದರೆಂದು ಯಾವುದೋ ಅಪಾರ್ಟ್‌ಮೆಂಟಿನ ಗೇಟಿಗೆ ಗಾರ್ಡ್ ಆಗಿ ನಿಂತುಬಿಡುವುದು ನಿವೃತ್ತ ಸೈನಿಕರು ಮಾಡುವ ದುಬಾರಿ ತಪ್ಪು. ಈ ವೃತ್ತಿಯಲ್ಲಿ ಮೊದಲ ಹುದ್ದೆ, ಮೊದಲ ಸಂಬಳವೇ ಮುಂದಿನದಕ್ಕೆಲ್ಲ ಅಳತೆಗೋಲು. ಹವಾಲ್ದಾರರಾಗಿ ಹತ್ತು ಜನರ ಸೆಕ್ಷನ್ ನಡೆಸಿದವರು ಗಾರ್ಡ್ ಆಗಿ ಸೇರಿದರೆ, ಎರಡು ವರ್ಷದ ನಂತರ ಇನ್ನೊಂದು ಕಂಪನಿಗೆ ಹೋದಾಗಲೂ ಮಾತು ಗಾರ್ಡ್ ಸಂಬಳದಿಂದಲೇ ಶುರುವಾಗುತ್ತದೆ. ಪಿಂಚಣಿ ಬರುತ್ತಿದೆಯಲ್ಲ, ಆ ಬಲದಿಂದ ಮೂರು ತಿಂಗಳು ಕಾಯಿರಿ. ಸೂಪರ್‌ವೈಸರ್ ಹುದ್ದೆಗೇ ಅರ್ಜಿ ಹಾಕಿ.

ಇದಕ್ಕೆ ಕಾನೂನಿನ ಬೆಂಬಲವೂ ಇದೆ. ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆ, 2005 (ಎಲ್ಲರ ಬಾಯಲ್ಲಿ 'ಪಸಾರಾ') ಸೂಪರ್‌ವೈಸರ್‌ಗಳನ್ನು ನೇಮಿಸುವಾಗ ಸೇನೆ, ನೌಕಾಪಡೆ, ವಾಯುಪಡೆ, ಪೊಲೀಸ್, ಗೃಹರಕ್ಷಕ ದಳ ಮುಂತಾದ ಕಡೆ ಕನಿಷ್ಠ 3 ವರ್ಷ ಸೇವೆ ಮಾಡಿದವರಿಗೆ ಆದ್ಯತೆ ಕೊಡಿ ಎನ್ನುತ್ತದೆ. ಕೇಂದ್ರದ ಮಾದರಿ ನಿಯಮಗಳ ಪ್ರಕಾರ 15 ಗಾರ್ಡ್‌ಗಳಿಗೆ ಒಬ್ಬ ಸೂಪರ್‌ವೈಸರ್ ಇರಲೇಬೇಕು. ಹಾಗಾಗಿ 300 ಗಾರ್ಡ್‌ಗಳಿರುವ ಏಜೆನ್ಸಿಗೆ ಇಪ್ಪತ್ತು ಸೂಪರ್‌ವೈಸರ್‌ಗಳು ಬೇಕು. ಹುದ್ದೆ ಇಲ್ಲ ಎನ್ನುವವರಿಗೆ ಈ ಲೆಕ್ಕ ಹೇಳಿ.

ಯೂನಿಟ್ ಬಿಡುವ ಮೊದಲು

ಎಲ್ಲಕ್ಕಿಂತ ಮೊದಲು ಹೆಸರು ನೋಡಿಕೊಳ್ಳಿ. ಭರ್ತಿಯಾದಾಗ ಕ್ಲರ್ಕ್ ಬರೆದುಕೊಂಡ ಹೆಸರು ಒಂದು, ಆಧಾರ್‌ನಲ್ಲಿ ಇನ್ನೊಂದು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮತ್ತೊಂದು. ಉತ್ತರ ಕರ್ನಾಟಕದವರಿಗೆ ಈ ಕಾಟ ಹೆಚ್ಚು: ತಂದೆಯ ಹೆಸರು ನಡುವೆ, ಮನೆತನದ ಹೆಸರು ಕೊನೆಗೆ, ಕೆಲವು ಕಡೆ ಎರಡೂ ಬರೀ ಇನಿಷಿಯಲ್. 'ಬಸಪ್ಪ' ಮತ್ತು 'ಬಸವರಾಜ' ಊರಿನಲ್ಲಿ ಒಬ್ಬನೇ ಮನುಷ್ಯ, ಪಿಎಫ್ ಕಂಪ್ಯೂಟರಿಗೆ ಇಬ್ಬರು. ಸೇವೆಯಲ್ಲಿರುವಾಗ ಯೂನಿಟ್ಟಿನ ಪಾರ್ಟ್ ಟು ಆರ್ಡರ್ (ಸೈನಿಕರ ವೈಯಕ್ತಿಕ ದಾಖಲೆ ಬದಲಾವಣೆಯ ಅಧಿಕೃತ ಆದೇಶ) ಮೂಲಕ ಇದನ್ನು ಸರಿಮಾಡಿಸಬಹುದು. ಡಿಸ್ಚಾರ್ಜ್ ಆದಮೇಲೆ ಅಫಿಡವಿಟ್ ಮಾಡಿಸಿ ರೆಕಾರ್ಡ್ಸ್ ಆಫೀಸಿಗೆ ಬರೆಯುತ್ತ ತಿಂಗಳುಗಟ್ಟಲೆ ಅಲೆಯಬೇಕು. ಹೆಂಡತಿಯ ಹೆಸರು, ಮಕ್ಕಳ ಜನ್ಮದಿನಾಂಕ, ಬ್ಯಾಂಕ್ ಜಂಟಿ ಖಾತೆಯ ಹೆಸರುಗಳನ್ನೂ ಅಕ್ಷರ ಅಕ್ಷರ ತಾಳೆ ನೋಡಿ. ಸ್ಪರ್ಶ್ ಪಿಂಚಣಿ ವ್ಯವಸ್ಥೆಯೂ ಇದೇ ದಾಖಲೆಗಳ ಮೇಲೆ ನಿಂತಿದೆ.

ಎರಡನೆಯದು ಕೋರ್ಸ್. ಸೇವೆಯ ಕೊನೆಯ ಎರಡು ವರ್ಷಗಳಲ್ಲಿ ಪುನರ್ವಸತಿ ಮಹಾನಿರ್ದೇಶನಾಲಯದ, ಅಂದರೆ ಡಿಜಿಆರ್‌ನ ತರಬೇತಿಗಳಿಗೆ ಹೆಸರು ಕೊಡಬಹುದು. ಜೆಸಿಓ (ಜೂನಿಯರ್ ಕಮಿಷನ್ಡ್ ಆಫೀಸರ್) ಮತ್ತು ಜವಾನರಿಗೆ ಶುಲ್ಕವಿಲ್ಲ. ಇಷ್ಟಾದರೂ ಬಹಳ ಜನ 'ಯಾವುದಾದರೂ ಸಿಗಲಿ, ಮನೆಗೆ ಹತ್ತಿರ ಇದ್ದರೆ ಸಾಕು' ಎಂದು ಕೋರ್ಸ್ ಆರಿಸುತ್ತಾರೆ. ಸೆಕ್ಯುರಿಟಿ ಕ್ಷೇತ್ರಕ್ಕೇ ಹೋಗುವ ಮನಸ್ಸಿದ್ದರೆ ಫೈರ್ ಸೇಫ್ಟಿ, ಸೆಕ್ಯುರಿಟಿ ಸೂಪರ್‌ವೈಸರ್, ಸಿಸಿಟಿವಿ ಇಂಥದ್ದಕ್ಕೆ ಅಂಟಿಕೊಳ್ಳಿ. ಫೈರ್ ಸೇಫ್ಟಿ ಗೊತ್ತಿರುವ ಸೂಪರ್‌ವೈಸರ್‌ಗೆ ಆಸ್ಪತ್ರೆ, ಮಾಲ್, ಟೆಕ್ ಪಾರ್ಕ್‌ಗಳ ಬಾಗಿಲು ಬೇಗ ತೆರೆಯುತ್ತದೆ.

ಮೆಟ್ರಿಕ್ ಪಾಸಾಗಿ 15 ವರ್ಷ ಸೇವೆ ಮುಗಿಸಿದವರು ಪದವಿಗೆ ಸಮಾನವೆಂಬ ಪ್ರಮಾಣಪತ್ರವನ್ನು ಮರೆಯದೆ ಪಡೆದುಕೊಳ್ಳಿ. ಪದವಿ ಕೇಳುವ, ತಾಂತ್ರಿಕವಲ್ಲದ ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಿಗೆ ಅದು ನಡೆಯುತ್ತದೆ. ಖಾಸಗಿ ಕಂಪನಿಯ ಮೇಲೆ ಅದನ್ನು ಒಪ್ಪಲೇಬೇಕೆಂಬ ಕಟ್ಟುಪಾಡಿಲ್ಲ.

ಬೆಂಗಳೂರಿನ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಸೆಂಟರ್, ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಸೆಂಟರ್, ಎಲ್ಲಿಂದಲೇ ಡಿಸ್ಚಾರ್ಜ್ ಆಗಿರಿ, ಅಲ್ಲಿಂದ ಹೊರಡುವಾಗ ಕೈಯಲ್ಲಿ ಡಿಸ್ಚಾರ್ಜ್ ಬುಕ್ ಮತ್ತು ಪಿಪಿಒ (ಪಿಂಚಣಿ ಪಾವತಿ ಆದೇಶ) ಇರಬೇಕು. ಬುಕ್ಕಿನಲ್ಲಿ ಕ್ಯಾರೆಕ್ಟರ್ ಏನು ಬರೆದಿದೆ, ಮೆಡಿಕಲ್ ಕೆಟಗರಿ ಏನು, ಟ್ರೇಡ್ ಸರಿಯಿದೆಯೇ ಎಂದು ಅಲ್ಲಿಯೇ ಕೂತು ಓದಿ. ಊರಿಗೆ ಬಂದ ಮೇಲೆ ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯಲ್ಲಿ ಮಾಜಿ ಸೈನಿಕರ ಗುರುತಿನ ಚೀಟಿ ಮಾಡಿಸಿ, ಉದ್ಯೋಗಕ್ಕೂ ಹೆಸರು ನೋಂದಾಯಿಸಿ. ಡಿಜಿಆರ್ ಪ್ರಾಯೋಜಿತ ಏಜೆನ್ಸಿಗಳು ಸಾರ್ವಜನಿಕ ಉದ್ದಿಮೆಗಳ ಕೆಲಸಕ್ಕೆ ಮಾಜಿ ಸೈನಿಕರನ್ನೇ ಹುಡುಕುತ್ತವೆ. ಸಾಮಾನ್ಯ ಏಜೆನ್ಸಿಗಿಂತ ಅಲ್ಲಿ ಸಂಬಳ ಚೆನ್ನಾಗಿರುತ್ತದೆ, ಆದ್ದರಿಂದ ಮೊದಲು ಅವನ್ನೇ ವಿಚಾರಿಸಿ.

ಮೂಲ ಡಿಸ್ಚಾರ್ಜ್ ಬುಕ್ಕನ್ನು ಯಾವ ಏಜೆನ್ಸಿಗೂ ಕೊಡಬೇಡಿ. 'ವೆರಿಫಿಕೇಶನ್‌ಗೆ ಇಟ್ಟುಕೊಳ್ಳುತ್ತೇವೆ' ಎಂದವರ ಹತ್ತಿರ ಅದು ಸಿಕ್ಕಿಕೊಂಡರೆ ಕೆಲಸ ಬಿಡಬೇಕೆಂದಾಗ ಜುಟ್ಟು ಅವರ ಕೈಯಲ್ಲಿ. ತೋರಿಸಿ, ಜೆರಾಕ್ಸ್ ಕೊಟ್ಟು, ಮೂಲ ವಾಪಸ್ ತನ್ನಿ.

ಅರ್ಹತೆ ಮತ್ತು ತರಬೇತಿ

ವಯಸ್ಸು 18 ತುಂಬಿರಬೇಕು, 65 ಮುಟ್ಟಿರಬಾರದು. ಮಾದರಿ ನಿಯಮಗಳ ಪ್ರಕಾರ ಗಂಡಸರಿಗೆ ಎತ್ತರ 160 ಸೆಂ.ಮೀ., ಹೆಂಗಸರಿಗೆ 150. ಗಂಡಸರ ಎದೆ 80 ಸೆಂ.ಮೀ., ಜೊತೆಗೆ 4 ಸೆಂ.ಮೀ. ಹಿಗ್ಗಬೇಕು. 1 ಕಿ.ಮೀ. ಅನ್ನು 6 ನಿಮಿಷದಲ್ಲಿ ಓಡಬೇಕು. ಸೇನೆಯ ದೈಹಿಕ ಪರೀಕ್ಷೆ ಬಿಪಿಇಟಿ ಓಡಿದವರಿಗೆ ಇದು ನಗು ತರಿಸಬಹುದು. ಆದರೆ ಊರಿಗೆ ಬಂದು ಎರಡು ವರ್ಷ ಸುಮ್ಮನೆ ಕೂತ ಮೊಣಕಾಲಿಗೆ ಆ ಆರು ನಿಮಿಷವೂ ಭಾರವೇ. ಬಣ್ಣಗುರುಡು ಇರಬಾರದು, ದೃಷ್ಟಿದೋಷಕ್ಕೆ ಕನ್ನಡಕ ನಡೆಯುತ್ತದೆ. ಆರ್ಟಿಲರಿಯವರು ಕಿವಿ ಪರೀಕ್ಷೆ ಮಾಡಿಸಿಕೊಂಡೇ ಹೋಗಿ. ಅಲಾರಂ ಮತ್ತು ಮಾತು ಸ್ಪಷ್ಟವಾಗಿ ಕೇಳಬೇಕೆಂಬುದು ನಿಯಮದಲ್ಲಿದೆ. ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಇರುತ್ತದೆ.

ಸೇನೆಯಿಂದ ದುರ್ನಡತೆಗಾಗಿ ವಜಾ ಆದವರನ್ನು ಗಾರ್ಡ್ ಆಗಿಯೂ ಸೂಪರ್‌ವೈಸರ್ ಆಗಿಯೂ ಸೇರಿಸಿಕೊಳ್ಳುವಂತಿಲ್ಲ. ಪೊಲೀಸ್ ವೆರಿಫಿಕೇಶನ್ ಎಲ್ಲರಿಗೂ ಕಡ್ಡಾಯ. ಕರ್ನಾಟಕದಲ್ಲಿ ಸೇವಾ ಸಿಂಧು ಮೂಲಕ ಅರ್ಜಿ ಹಾಕಬಹುದು. ಬಾಡಿಗೆ ಮನೆಯ ವಿಳಾಸ, ಊರಿನ ವಿಳಾಸ ಎರಡನ್ನೂ ಕೊಡಿ. ವಿಳಾಸದಲ್ಲಿ ಆಳು ಸಿಗಲಿಲ್ಲವೆಂದು ಅರ್ಜಿ ಮರಳುವುದೇ ಹೆಚ್ಚು.

ಹೊಸಬರಿಗೆ 100 ಗಂಟೆ ತರಗತಿ, 60 ಗಂಟೆ ಮೈದಾನ ತರಬೇತಿ, ಕನಿಷ್ಠ 20 ಕೆಲಸದ ದಿನ. ಮಾಜಿ ಸೈನಿಕರಿಗೂ ಮಾಜಿ ಪೊಲೀಸರಿಗೂ ಅದು 40 ಗಂಟೆ ತರಗತಿ, 16 ಗಂಟೆ ಮೈದಾನ, ಕನಿಷ್ಠ 7 ದಿನಕ್ಕೆ ಇಳಿಯುತ್ತದೆ. ಕೆಲವರು ದುಡ್ಡು ಇಸಿದುಕೊಂಡು ತರಬೇತಿ ಇಲ್ಲದೆಯೇ ಸರ್ಟಿಫಿಕೇಟ್ ಕೈಗಿಡುತ್ತಾರೆ. ಒಪ್ಪಬೇಡಿ. ಆ ಏಳು ದಿನಗಳಲ್ಲಿ ಕಲಿಸುವ ಅಗ್ನಿಶಾಮಕ, ಪ್ರಥಮ ಚಿಕಿತ್ಸೆ ನಿಮಗೆ ಗೊತ್ತಿರಬಹುದು. ಖಾಸಗಿ ಗಾರ್ಡ್‌ನ ಕಾನೂನು ಮಿತಿ ಏನು ಎಂಬುದು ಗೊತ್ತಿರುವುದಿಲ್ಲ. ನಾಳೆ ಕೇಸಾದರೆ ಕೈಹಿಡಿಯುವುದು ಆ ತಿಳಿವಳಿಕೆಯೇ.

ಏಜೆನ್ಸಿಗೆ ಪಸಾರಾ ಲೈಸೆನ್ಸ್ ಇದೆಯೇ, ಅದು ನೀವು ಕೆಲಸ ಮಾಡುವ ಜಿಲ್ಲೆಗೆ ಅನ್ವಯಿಸುತ್ತದೆಯೇ ಎಂದು ಸೇರುವ ಮೊದಲೇ ಕೇಳಿ ನೋಡಿ. ಯೂನಿಫಾರಂಗೂ ಫೋಟೋ ಗುರುತಿನ ಚೀಟಿಗೂ ಏಜೆನ್ಸಿಯೇ ಹೊಣೆ. ನಿಮ್ಮ ಹಳೆಯ ಕಾಂಬ್ಯಾಟ್ ಡ್ರೆಸ್ ಗೇಟಿನಲ್ಲಿ ತೊಡಬೇಡಿ: ಸೇನೆ ಅಥವಾ ಪೊಲೀಸರ ಸಮವಸ್ತ್ರವನ್ನೋ ಅದರಂತೆ ಕಾಣುವ ಬಟ್ಟೆಯನ್ನೋ ಗಾರ್ಡ್ ತೊಟ್ಟರೆ ಒಂದು ವರ್ಷದವರೆಗೆ ಜೈಲು, ₹5,000ದವರೆಗೆ ದಂಡ, ಇಲ್ಲವೇ ಎರಡೂ.

ಬಯೋಡೇಟಾ

ಎಚ್‌ಆರ್‌ನಲ್ಲಿ ಕೂತ ಇಪ್ಪತ್ತಾರರ ಹುಡುಗಿಗೆ ಸಿಕ್ಯುಎಂಎಚ್ ಅಂದರೆ ಏನೂ ಗೊತ್ತಾಗುವುದಿಲ್ಲ. ಅದು ಅವಳ ತಪ್ಪೂ ಅಲ್ಲ. ನೀವು ಮಾಡಿದ್ದನ್ನು ಅವಳ ಲೆಕ್ಕಕ್ಕೆ ತನ್ನಿ. ಕಂಪನಿ ಕ್ವಾರ್ಟರ್ ಮಾಸ್ಟರ್ ಹವಾಲ್ದಾರ್ ಆಗಿದ್ದವರು 'ನೂರಕ್ಕೂ ಹೆಚ್ಚು ಜನರ ಸ್ಟೋರ್, ಲೆಡ್ಜರ್, ವಾರ್ಷಿಕ ದಾಸ್ತಾನು ತಪಾಸಣೆ' ಎಂದು ಬರೆಯಲಿ. ಗೋದಾಮಿನ ಸೆಕ್ಯುರಿಟಿಗೆ ಇದಕ್ಕಿಂತ ಒಳ್ಳೆಯ ಅರ್ಹತೆ ಇಲ್ಲ. ಕ್ವಾರ್ಟರ್ ಗಾರ್ಡ್ ಕಮಾಂಡರ್ ಅಂದರೆ 24 ಗಂಟೆಯ ಗೇಟ್ ನಿಯಂತ್ರಣ, ಕೀಲಿ ರಿಜಿಸ್ಟರ್, ಆಯುಧಗಳ ಎಣಿಕೆ. ಸಿಗ್ನಲ್ಸ್‌ನವರು ಕಂಟ್ರೋಲ್ ರೂಮ್‌ಗೆ, ಮಿಲಿಟರಿ ಪೊಲೀಸ್‌ನವರು ವಾಹನ ನಿಯಂತ್ರಣ ಮತ್ತು ತನಿಖೆಗೆ, ಸ್ಯಾಪರ್‌ಗಳು (ಸೇನಾ ಎಂಜಿನಿಯರ್ ದಳದವರು) ಬೆಂಕಿ ಮತ್ತು ಬಾಂಬ್ ಬೆದರಿಕೆ ನಿರ್ವಹಣೆಗೆ ಹೊಂದುತ್ತಾರೆ. ಎಲ್‌ಓಸಿ, ಸಿಯಾಚಿನ್ ಬಗ್ಗೆ ಒಂದು ಸಾಲು ಸಾಕು. ಎರಡು ಪುಟ ಮೀರಬೇಡಿ. ಪದಕಗಳ ಫೋಟೋ ಹಾಕಬೇಡಿ. ಇಮೇಲ್ ವಿಳಾಸ ಒಂದಿರಲಿ, ಅದನ್ನು ದಿನಕ್ಕೊಮ್ಮೆ ತೆರೆದು ನೋಡುವ ರೂಢಿಯೂ ಇರಲಿ. ಮಗನ ಫೋನಿನಲ್ಲಿದ್ದ ಇಮೇಲ್ ನೋಡದೆ ಸಂದರ್ಶನ ತಪ್ಪಿಸಿಕೊಂಡವರು ಬೇಕಾದಷ್ಟಿದ್ದಾರೆ.

ಅಗ್ನಿವೀರರಿಗೆ ಪ್ರತ್ಯೇಕ ಮಾತು. ನಾಲ್ಕು ವರ್ಷಕ್ಕೆ ಹೊರಬರುವವರಿಗೆ ಸೇವಾ ನಿಧಿ ಎಂಬ ಒಂದೇ ಗಂಟಿನ ಹಣ ಸಿಗುತ್ತದೆ. ಪಿಂಚಣಿ ಇಲ್ಲ, ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಇಲ್ಲ. ಆದ್ದರಿಂದ ಮೇಲೆ ಹೇಳಿದಂತೆ ಮೂರು ತಿಂಗಳು ಕಾಯುವ ಸೌಕರ್ಯ ಅವರಿಗೆ ಕಡಿಮೆ. ಆದರೆ ಸೂಪರ್‌ವೈಸರ್ ಆದ್ಯತೆಗೆ ಕಾಯ್ದೆ ಕೇಳುವುದು 3 ವರ್ಷದ ಸೇವೆ. ನಾಲ್ಕು ವರ್ಷ ಮುಗಿಸಿದವರು ಆ ಗೆರೆ ದಾಟಿರುತ್ತಾರೆ. ಇಪ್ಪತ್ತೆರಡರ ವಯಸ್ಸಿಗೆ ಸೂಪರ್‌ವೈಸರ್ ಆಗಿ ಸೇರಿ, ಸಂಜೆ ಕಾಲೇಜೋ ದೂರಶಿಕ್ಷಣವೋ ಪದವಿ ಮುಗಿಸಿಕೊಂಡರೆ ಮೂವತ್ತಕ್ಕೆ ಸೆಕ್ಯುರಿಟಿ ಆಫೀಸರ್ ಆಗಬಹುದು.

ಸಂಬಳದ ಲೆಕ್ಕ ಪೆನ್ನು ಹಿಡಿದು ಮಾಡಿ

'ಊಟ–ವಸತಿ ಜೊತೆ ಇಪ್ಪತ್ತೆರಡು ಸಾವಿರ' ಎಂದಾಗ ಮೊದಲ ಪ್ರಶ್ನೆ: ಎಷ್ಟು ಗಂಟೆ ಡ್ಯೂಟಿ, ಎಷ್ಟು ದಿನ? ಬಹುತೇಕ ಕಡೆ ಅದು 12 ಗಂಟೆ, 30 ದಿನ.

ಲೆಕ್ಕಕ್ಕೆಂದು ಎಂಟು ಗಂಟೆಯ ತಿಂಗಳ ವೇತನ ₹18,200 ಎಂದಿಟ್ಟುಕೊಳ್ಳಿ. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ ₹700, ಗಂಟೆಗೆ ₹87.50. ಎಂಟು ಗಂಟೆಯ ಮೇಲಿನ ದುಡಿಮೆಗೆ ದುಪ್ಪಟ್ಟು ಕೊಡಬೇಕು, ಅಂದರೆ ಗಂಟೆಗೆ ₹175. ದಿನಕ್ಕೆ 4 ಗಂಟೆ ಓಟಿ ಅಂದರೆ ಮತ್ತೆ ₹700. 26 ದಿನಕ್ಕೆ ಓಟಿಯೇ ₹18,200. ಸರಿಯಾಗಿ ಲೆಕ್ಕ ಹಾಕಿದರೆ 12 ಗಂಟೆಯ ಡ್ಯೂಟಿಗೆ 8 ಗಂಟೆಯದರ ಎರಡರಷ್ಟು, ₹36,400 ಬರಬೇಕು. ಇಪ್ಪತ್ತೆರಡು ಸಾವಿರ ಎಂದವರು ಎಲ್ಲಿ ಉಳಿಸುತ್ತಿದ್ದಾರೆಂದು ಈಗ ಕಾಣುತ್ತದೆ. ಕರ್ನಾಟಕದ ಕನಿಷ್ಠ ವೇತನ ದರಗಳಿಗೆ ತುಟ್ಟಿಭತ್ಯೆ ಏಪ್ರಿಲ್‌ನಿಂದ ಪರಿಷ್ಕಾರವಾಗುತ್ತದೆ. ಆಯಾ ವರ್ಷದ ಅಧಿಸೂಚನೆಯ ಹಾಳೆ ಮೊಬೈಲಿನಲ್ಲಿ ಇಟ್ಟುಕೊಂಡು ಸಂದರ್ಶನಕ್ಕೆ ಹೋಗಿ.

ಪಿಎಫ್: ₹15,000ದ ಮಿತಿಯ ಲೆಕ್ಕದಲ್ಲಿ ಕಟ್ಟಿದರೆ ನಿಮ್ಮ ಪಾಲು 12%, ಅಂದರೆ ₹1,800. ಸೇನೆಯ ಎಎಫ್‌ಪಿಪಿ (ಜೆಸಿಓ, ಜವಾನರ ಭವಿಷ್ಯ ನಿಧಿ) ಖಾತೆಗೂ ಇದಕ್ಕೂ ಸಂಬಂಧವಿಲ್ಲ. ಹೊಸ ಯುಎಎನ್ (ಪಿಎಫ್ ಖಾತೆಯ ಗುರುತಿನ ಸಂಖ್ಯೆ) ಬರುತ್ತದೆ, ಅದನ್ನು ಮೊದಲ ತಿಂಗಳೇ ಕೇಳಿ ಪಡೆದು ಪಾಸ್‌ಬುಕ್ ನೋಡಿ. ಕಡಿತ ಆಗಿರುತ್ತದೆ, ಕಟ್ಟಿರುವುದಿಲ್ಲ: ಈ ಕ್ಷೇತ್ರದ ಹಳೇ ರೋಗ. ವೇತನ ₹21,000ದೊಳಗಿದ್ದರೆ ಇಎಸ್‌ಐ (ನೌಕರರ ಆರೋಗ್ಯ ವಿಮೆ), ನಿಮ್ಮಿಂದ 0.75%. ನೋಂದಣಿ ಶುಲ್ಕ, ಯೂನಿಫಾರಂ ಡೆಪಾಸಿಟ್ ಎಂದು ಸೇರುವಾಗಲೇ ಐದಾರು ಸಾವಿರ ಕೇಳುವ ಜಾಗದಿಂದ ಹಾಗೇ ಎದ್ದು ಬನ್ನಿ.

ಖಾಸಗಿ ಕೆಲಸ ಮಾಡಿದರೆ ಪಿಂಚಣಿಗೂ ಅದರ ತುಟ್ಟಿಭತ್ಯೆಗೂ ಕುತ್ತಿಲ್ಲ. ಕುತ್ತಿರುವುದು ತೆರಿಗೆಯಲ್ಲಿ. ಪಿಂಚಣಿ ಒಂದು ಕಡೆ, ಸಂಬಳ ಇನ್ನೊಂದು ಕಡೆ; ಎರಡೂ ಕಡೆ ಪ್ರತ್ಯೇಕವಾಗಿ ಲೆಕ್ಕ ಹಾಕಿ ಕಡಿಮೆ ತೆರಿಗೆ ಹಿಡಿಯುತ್ತಾರೆ, ರಿಟರ್ನ್ಸ್ ತುಂಬುವಾಗ ಒಟ್ಟಿಗೆ ಬಡ್ಡಿ ಸಮೇತ ಕಟ್ಟಬೇಕಾಗುತ್ತದೆ. ಸೇರುವಾಗಲೇ ಪಿಂಚಣಿ ವಿವರವನ್ನು ಕಂಪನಿಗೆ ಬರೆದುಕೊಡಿ.

ಬಂದೂಕಿನ ಕೆಲಸ

ಗನ್‌ಮ್ಯಾನ್ ಸಂಬಳ ಹೆಚ್ಚು, ತಲೆನೋವೂ ಹೆಚ್ಚು. ಅರ್ಜಿಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸಿದರೂ ಲೈಸೆನ್ಸ್ ಕೊಡುವವರು ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ, ಕಮಿಷನರೇಟ್ ಇರುವ ನಗರದಲ್ಲಿ ಪೊಲೀಸ್ ಕಮಿಷನರ್. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಅವಧಿ 5 ವರ್ಷ, ಒಬ್ಬರಿಗೆ ಗರಿಷ್ಠ 2 ಬಂದೂಕು. ಲೈಸೆನ್ಸಿನಲ್ಲಿ ಎರಡು ಸಾಲು ಓದಿ: ಯಾವ ಪ್ರದೇಶಕ್ಕೆ ಸಿಂಧು, ಯಾವ ಉದ್ದೇಶಕ್ಕೆ ಕೊಟ್ಟಿದ್ದಾರೆ. ಹಾವೇರಿ ಜಿಲ್ಲೆಗೆ ಮಾತ್ರ ಸಿಂಧುವಾದ ಬಂದೂಕನ್ನು ಬೆಂಗಳೂರಿನ ಬ್ಯಾಂಕಿನ ಮುಂದೆ ಹಿಡಿದು ನಿಂತರೆ ಆಯುಧ ಕಾಯ್ದೆಯ ಕೇಸು ಏಜೆನ್ಸಿ ಮೇಲಲ್ಲ, ನಿಮ್ಮ ಮೇಲೆ. ಉದ್ದೇಶ 'ಆತ್ಮರಕ್ಷಣೆ' ಎಂದಿದ್ದರೆ, ಕೂಲಿಗೆ ಹಿಡಿಯಬಹುದೇ ಎಂದು ಲೈಸೆನ್ಸ್ ಕೊಟ್ಟವರಿಂದ ಬರವಣಿಗೆಯಲ್ಲಿ ಉತ್ತರ ಪಡೆಯದೆ ಡ್ಯೂಟಿಗೆ ಇಳಿಯಬೇಡಿ.

ಇಲ್ಲಿ ಸಿಗುವುದು ಸೇನೆಯ ಇನ್ಸಾಸ್ ರೈಫಲ್ ಅಲ್ಲ, 12 ಬೋರ್. ಮಡಚಿ ತೆರೆಯುವ ಜೋಡಿ ನಳಿಗೆಯ ಬಂದೂಕಿಗೆ ಕೈ ಹೊಸದಾಗಿ ಪಳಗಬೇಕು. ಶಿಫ್ಟ್ ಬದಲಾಗುವಾಗ ನಳಿಗೆ ತೆರೆದು, ತೋಟಾ ಹೊರತೆಗೆದು, ಎಣಿಸಿ, ರಿಜಿಸ್ಟರಿನಲ್ಲಿ ಬರೆದು ಹಸ್ತಾಂತರಿಸಿ. ಹಳೆಯ ತೋಟಾಗಳ ಕಾಗದದ ಕವಚ ಮಳೆಗಾಲದಲ್ಲಿ ತೇವ ಹೀರಿ ಉಬ್ಬುತ್ತದೆ, ಚೇಂಬರಿಗೆ ಇಳಿಯುವುದಿಲ್ಲ.

ಕ್ಯಾಶ್ ವ್ಯಾನಿಗೆ ಕೇಂದ್ರ ಗೃಹ ಸಚಿವಾಲಯದ 2018ರ ನಿಯಮಗಳಿವೆ. ಚಾಲಕ, ಇಬ್ಬರು ಸಶಸ್ತ್ರ ಗಾರ್ಡ್, ಇಬ್ಬರು ಕಸ್ಟೋಡಿಯನ್ (ಹಣದ ಉಸ್ತುವಾರಿಗಳು) ಕಡ್ಡಾಯ. ಒಬ್ಬ ಗಾರ್ಡ್ ಚಾಲಕನ ಪಕ್ಕ, ಇನ್ನೊಬ್ಬ ಹಿಂದೆ. ಒಂದು ಸಲಕ್ಕೆ ₹5 ಕೋಟಿಗಿಂತ ಹೆಚ್ಚು ಒಯ್ಯುವಂತಿಲ್ಲ. ಎಟಿಎಂಗೆ ಹಣ ತುಂಬುವುದು ನಗರದಲ್ಲಿ ರಾತ್ರಿ 9ರ ನಂತರ, ಹಳ್ಳಿಗಳಲ್ಲಿ ಸಂಜೆ 6ರ ನಂತರ ನಿಷಿದ್ಧ. ಊಟಕ್ಕೋ ಟೀಗೋ ನಿಲ್ಲಿಸಿದರೂ ಒಬ್ಬ ಗಾರ್ಡ್ ವ್ಯಾನ್ ಬಿಟ್ಟು ಕದಲಬಾರದು. 2025ರ ನವೆಂಬರ್‌ನಲ್ಲಿ ಬೆಂಗಳೂರಿನ ನಡುಹಗಲಿನಲ್ಲಿ ಅಧಿಕಾರಿಗಳ ಸೋಗಿನಲ್ಲಿ ವ್ಯಾನ್ ಅಡ್ಡಗಟ್ಟಿ ₹7 ಕೋಟಿಗೂ ಹೆಚ್ಚು ಹಣ ಒಯ್ದರು. ಗುರುತಿನ ಚೀಟಿ ತೋರಿಸಿ ಗದರಿದವರಿಗೆ ತಕ್ಷಣ ವಿಧೇಯರಾಗುವುದು ಸೈನಿಕರಿಗೆ ಅಂಟಿದ ಅಭ್ಯಾಸ. ಇಲ್ಲಿ ಅದೇ ಅಪಾಯ. ಯಾರೇ ತಡೆದರೂ ಬಾಗಿಲು ತೆರೆಯದೆ ಕಂಟ್ರೋಲ್ ರೂಮ್‌ಗೂ 112ಕ್ಕೂ ಫೋನ್ ಮಾಡಿ, 'ಪೊಲೀಸ್ ಠಾಣೆಗೇ ಬರುತ್ತೇವೆ' ಎನ್ನಿ.

ಗೇಟಿನಲ್ಲಿ ನಿಮಗೆ ಎಷ್ಟು ಅಧಿಕಾರವಿದೆ

ಒಬ್ಬ ಸಾಮಾನ್ಯ ನಾಗರಿಕರಿಗೆ ಇರುವಷ್ಟೇ. ಸಮವಸ್ತ್ರ, ಲಾಠಿ, ಇಪ್ಪತ್ತು ವರ್ಷದ ಸೇವೆ ಅದಕ್ಕೆ ಒಂದು ಕಾಳಷ್ಟೂ ಸೇರಿಸುವುದಿಲ್ಲ. ನಿಮ್ಮ ಕಣ್ಣೆದುರೇ ಜಾಮೀನುರಹಿತ ಸಂಜ್ಞೇಯ ಅಪರಾಧ ನಡೆದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಸೆಕ್ಷನ್ ಪ್ರಕಾರ ಹಿಡಿಯಬಹುದು, ಆದರೆ ತಡಮಾಡದೆ, ಹೆಚ್ಚೆಂದರೆ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಸಂಶಯದ ಮೇಲೆ ಹಿಡಿದು, ಕೋಣೆಯಲ್ಲಿ ಕೂರಿಸಿ, ಎರಡು ಬಾರಿಸಿ 'ಒಪ್ಪಿಸಿದರೆ' ಅಕ್ರಮ ಬಂಧನ ಮತ್ತು ಹಲ್ಲೆಯ ಆರೋಪಿ ನೀವಾಗುತ್ತೀರಿ. ಆತ್ಮರಕ್ಷಣೆಯ ಹಕ್ಕು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳಲ್ಲಿದೆ. ಅಪಾಯ ಇದ್ದಷ್ಟು ಹೊತ್ತು, ಅಪಾಯಕ್ಕೆ ತಕ್ಕಷ್ಟು ಬಲ. ಓಡುತ್ತಿರುವ ಕಳ್ಳನ ಬೆನ್ನಿಗೆ ಗುಂಡು ಹಾರಿಸುವುದು ಆತ್ಮರಕ್ಷಣೆ ಅನ್ನಿಸಿಕೊಳ್ಳುವುದಿಲ್ಲ.

ಬ್ಯಾಗ್ ತಪಾಸಣೆ ಒಪ್ಪಿಗೆಯ ಮೇಲೆ. ಒಪ್ಪದಿದ್ದರೆ ಒಳಗೆ ಬಿಡದಿರಬಹುದು, ಕೈ ಹಾಕಿ ಎಳೆಯುವಂತಿಲ್ಲ. ಹೆಂಗಸರನ್ನು ಹೆಂಗಸರೇ ತಪಾಸಣೆ ಮಾಡಬೇಕು. ಸಿಸಿಟಿವಿ ದೃಶ್ಯವನ್ನು ಮೊಬೈಲಿನಲ್ಲಿ ಹಿಡಿದು ಹಳೆಯ ಯೂನಿಟ್ಟಿನ ವಾಟ್ಸ್‌ಆಪ್ ಗುಂಪಿಗೆ ಹಾಕಿದರೆ ಕೆಲಸ ಹೋಗುವುದು ಖಂಡಿತ.

ನಿಜವಾಗಿ ಹೆಚ್ಚು ಜನ ಸೋಲುವುದು ಕಾನೂನಿನಲ್ಲಿ ಅಲ್ಲ, ಮಾತಿನ ಧಾಟಿಯಲ್ಲಿ. ಇಪ್ಪತ್ತು ವರ್ಷ ಹಿಂದಿಯಲ್ಲಿ ಹುಕುಂ ಕೊಟ್ಟ, ಪಡೆದ ನಾಲಿಗೆ. 'ಗಾಡಿ ಹಿಂದೆ ತಗೊಳ್ಳಿ' ಎಂಬುದು ಬಾಯಿಂದ ಆಜ್ಞೆಯಾಗಿ ಬರುತ್ತದೆ, ಫ್ಲ್ಯಾಟ್ ಮಾಲೀಕರು ಸಂಜೆಗೆ ದೂರು ಬರೆಯುತ್ತಾರೆ. 'ಸರ್, ಒಂದು ನಿಮಿಷ, ಫೋನ್ ಮಾಡಿ ಕೇಳ್ತೀನಿ' ಎನ್ನುವುದನ್ನು ಕವಾಯತಿನಂತೆ ಅಭ್ಯಾಸ ಮಾಡಿ. ಕೈಕೆಳಗಿನ ಗಾರ್ಡ್‌ಗಳಿಗೂ ಅಷ್ಟೇ. ಅವರು ಅಸ್ಸಾಮಿನಿಂದಲೋ ಒಡಿಶಾದಿಂದಲೋ ಹೊಟ್ಟೆಪಾಡಿಗೆ ಬಂದ ಹುಡುಗರು. ಎಕ್ಸ್‌ಟ್ರಾ ಡ್ರಿಲ್ ಕೊಡಿಸಿದರೆ ಮರುದಿನ ಫೋನ್ ಸ್ವಿಚ್ ಆಫ್ ಮಾಡಿ ಬೇರೆ ಏಜೆನ್ಸಿಗೆ ಸೇರುತ್ತಾರೆ, ಆ ಪೋಸ್ಟಿನಲ್ಲಿ ನೀವೇ ನಿಲ್ಲಬೇಕು.

ವಸ್ತು ಹೊರಗೆ ಹೋಗುವಾಗ ಗೇಟ್ ಪಾಸ್ ಎರಡು ಬಗೆ: ಮರಳಿ ಬರುವಂಥದ್ದು, ಬರದಂಥದ್ದು. ಮರಳಿ ಬರಬೇಕಾದ ಮಾಲು ನಿಗದಿತ ದಿನಕ್ಕೆ ಬಂತೇ ಎಂದು ವಾರಕ್ಕೊಮ್ಮೆ ತಾಳೆ ನೋಡುವವರು ಕಡಿಮೆ, ಕಾರ್ಖಾನೆಗಳಲ್ಲಿ ಕಳ್ಳತನ ನುಸುಳುವುದು ಆ ತೂತಿನಿಂದಲೇ. ಪಾಸಿನ ಸಹಿಯನ್ನು ಗೇಟಿನಲ್ಲಿಟ್ಟ ಮಾದರಿ ಸಹಿಯ ಜೊತೆ ಹೋಲಿಸಿ, ಎಣಿಕೆ ನೀವೇ ಮಾಡಿ. ಘಟನಾ ವರದಿಯಲ್ಲಿ ಸಮಯ, ಜಾಗ, ಯಾರು, ಏನಾಯಿತು, ನೀವು ಏನು ಮಾಡಿದಿರಿ, ಯಾರಿಗೆ ಎಷ್ಟು ಹೊತ್ತಿಗೆ ತಿಳಿಸಿದಿರಿ ಇಷ್ಟಿರಲಿ. ಊಹೆ ಬೇಡ. ವರದಿ ಬರೆಯಬಲ್ಲ ಸೂಪರ್‌ವೈಸರ್‌ಗೆ ಬಡ್ತಿ ಬೇಗ.

ಸ್ವಂತ ಏಜೆನ್ಸಿ, ವಿದೇಶ

ಮೂರ್ನಾಲ್ಕು ವರ್ಷ ಒಳಹೊರಗು ನೋಡಿದ ಮೇಲೆ ಸ್ವಂತ ಏಜೆನ್ಸಿಯ ಆಸೆ ಬರುತ್ತದೆ. ಕಾಯ್ದೆಯಲ್ಲಿ ಹೇಳಿದ ಲೈಸೆನ್ಸ್ ಶುಲ್ಕ ಒಂದು ಜಿಲ್ಲೆಗೆ ₹5,000, ಐದು ಜಿಲ್ಲೆವರೆಗೆ ₹10,000, ಇಡೀ ರಾಜ್ಯಕ್ಕೆ ₹25,000. ಅವಧಿ 5 ವರ್ಷ. ಶುಲ್ಕ ದೊಡ್ಡದಲ್ಲ, ಬಂಡವಾಳವೇ ಮುಳುಗಿಸುವುದು. ಗ್ರಾಹಕರು ಬಿಲ್ ಪಾಸು ಮಾಡಲು ಎರಡು ತಿಂಗಳು ತೆಗೆದುಕೊಂಡರೂ ಗಾರ್ಡ್‌ಗಳ ಸಂಬಳ ತಿಂಗಳ ಮೊದಲ ವಾರ ಕೊಡಲೇಬೇಕು. 20 ಗಾರ್ಡ್, ತಲಾ ₹20,000 ಎಂದರೆ ಎರಡು ತಿಂಗಳಿಗೆ ₹8 ಲಕ್ಷ ಕೈಯಿಂದ ಹೋಗಬೇಕು, ಪಿಎಫ್–ಇಎಸ್‌ಐ ಬೇರೆ. ಪಿಂಚಣಿಯ ಒಂದು ಪಾಲು ಬಿಟ್ಟುಕೊಟ್ಟು ಮೊದಲೇ ಒಟ್ಟಿಗೆ ಪಡೆದ ಕಮ್ಯುಟೇಶನ್ ಹಣವನ್ನು ಇದಕ್ಕೆ ಸುರಿಯಬೇಡಿ. ಕತ್ತರಿಸಿದ ಆ ಪಾಲು ಪಿಂಚಣಿಗೆ ಮರಳುವುದು 15 ವರ್ಷದ ನಂತರ.

ವಿದೇಶದ ಕೆಲಸಕ್ಕೆ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತ ಏಜೆಂಟರ ಬಳಿಗೆ ಮಾತ್ರ ಹೋಗಿ. ಅವರು ನಿಮ್ಮಿಂದ ಪಡೆಯಬಹುದಾದ ಸೇವಾ ಶುಲ್ಕ ಗರಿಷ್ಠ ₹30,000 ಮತ್ತು ಜಿಎಸ್‌ಟಿ. ದುಬೈನಲ್ಲಿ ಗಾರ್ಡ್ ಕೆಲಸಕ್ಕೆ ಅಲ್ಲಿನ ಸಿರಾ ಸಂಸ್ಥೆಯ ತರಬೇತಿ ಮತ್ತು ಪರವಾನಗಿ ಬೇಕೇ ಬೇಕು. ಅದರ ಖರ್ಚು ಯಾರದೆಂದು ಒಪ್ಪಂದದಲ್ಲೇ ಬರೆಸಿ. ಸೆಕ್ಯುರಿಟಿ ಕೆಲಸವೆಂದು ನಂಬಿಸಿ ರಷ್ಯಾಕ್ಕೆ ಕರೆದೊಯ್ದು ಉಕ್ರೇನ್ ಯುದ್ಧಭೂಮಿಗೆ ದೂಡಿದ ಸಂಗತಿ 2024ರಲ್ಲಿ ಹೊರಬಂತು, ಸಿಕ್ಕಿಬಿದ್ದವರಲ್ಲಿ ಕಲಬುರಗಿಯ ಯುವಕರೂ ಇದ್ದರು. ನಿಮಗೆ ಓದಲು ಬಾರದ ಭಾಷೆಯ ಕಾಗದಕ್ಕೆ, ಯಾವ ದೇಶದಲ್ಲೇ ಆಗಲಿ, ಸಹಿ ಹಾಕಬೇಡಿ. ಪಾಸ್‌ಪೋರ್ಟ್, ವೀಸಾ, ಒಪ್ಪಂದದ ಒಂದೊಂದು ಪ್ರತಿ ಮನೆಯವರ ಹತ್ತಿರ ಬಿಟ್ಟೇ ವಿಮಾನ ಹತ್ತಿ.